ಹುಲಿ ಕಟ್ಟುವ ಕುರಿಗಳು: ಫೈಟರ್ ಆಡುವವರಿಗೆ ಪಟ್ಟುಗಳ ಕೈಪಿಡಿ

ಪಾತ್ರದಾಟದ ಮೇಜಿನಲ್ಲಿ ಫೈಟರ್ ಆಡುವವನ ಸರದಿ ಬಹುಬೇಗ ಮುಗಿಯುತ್ತದೆ. ‘ಹೊಡಿತೀನಿ’ ಎನ್ನುತ್ತಾನೆ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ, ತಾಗಿದರೆ ಎಂಟೋ ಒಂಬತ್ತೋ ಪೆಟ್ಟು ಎಣಿಸಿ ಸುಮ್ಮನಾಗುತ್ತಾನೆ. ಪಕ್ಕದಲ್ಲಿ ಮಾಂತ್ರಿಕನ ಪಾತ್ರ ಹಿಡಿದವಳು ಮಾತ್ರ ಬೆಂಕಿಯುಂಡೆ ಎಲ್ಲಿ ಬಿದ್ದರೆ ಎಷ್ಟು ಜನ ಸಿಗುತ್ತಾರೆ, ಯಾರನ್ನು ನಿದ್ದೆಗೆ ಕೆಡವಬಹುದು, ಗೋಡೆಯಾಚೆ ಹೇಗೆ ದಾಟಬಹುದು ಎಂದು ಐದು ನಿಮಿಷ ಲೆಕ್ಕ ಹಾಕುತ್ತಿರುತ್ತಾಳೆ. ಕೆಲವು ವಾರ ಹೀಗೇ ನಡೆದರೆ ಫೈಟರ್‌ಗೆ ಬೇಸರ ಬಂದು ‘ನಾನೂ ಮಾಂತ್ರಿಕ ಆಗ್ತೀನಿ’ ಎನ್ನುತ್ತಾನೆ. ಆಗುವ ಮೊದಲು ಇದನ್ನು ಓದಲಿ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದರ ಮೂಲ. ಒಬ್ಬರು ಗೇಮ್ ಮಾಸ್ಟರ್ ಆಗಿ ಲೋಕ, ಕಥೆ, ಶತ್ರುಗಳನ್ನು ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ಹಿಡಿದು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಆದೀತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಆ ಮೊದಲ ಪುಸ್ತಕದಲ್ಲಿ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಾಂತ್ರಿಕ, ಪೂಜಾರಿ. ಕಾದಾಡುವವನಿಗೆ, ಅಂದರೆ ಇಂದಿನ ಫೈಟರ್‌ಗೆ, ಕತ್ತಿ ಬೀಸುವುದಲ್ಲದೆ ಬೇರೆ ಕೆಲಸಗಳೂ ನಿಯಮದಲ್ಲಿ ಸೇರುತ್ತಾ ಬಂದವು: ಎದುರಾಳಿಯನ್ನು ಕೆಡವುವುದು, ತಳ್ಳುವುದು, ಅವುಚಿ ಹಿಡಿಯುವುದು, ಆಯುಧ ಕಸಿಯುವುದು, ಕಣ್ಣಿಗೆ ಮಣ್ಣೆರಚುವುದು. ಇವನ್ನೆಲ್ಲ ಒಟ್ಟಾಗಿ ಪಟ್ಟು ಎನ್ನೋಣ.

ಪಟ್ಟುಗಳ ಮೇಲಿನ ದೂರು ಎಲ್ಲ ಮೇಜಿನಲ್ಲೂ ಒಂದೇ. ಒಮ್ಮೆ ಪ್ರಯತ್ನಿಸಿದೆ, ದಾಳ ಕೈಕೊಟ್ಟಿತು, ಸರದಿ ಹಾಳಾಯಿತು. ಇನ್ನೊಮ್ಮೆ ಪ್ರಯತ್ನಿಸಿದೆ, ದಾಳ ಬಿತ್ತು, ಶತ್ರು ನೆಲಕ್ಕೂ ಬಿದ್ದ. ಆದರೆ ತನ್ನ ಸರದಿ ಬಂದದ್ದೇ ಎದ್ದು ನಿಂತ, ಏನೂ ಆಗಲಿಲ್ಲ. ಅದರ ಬದಲು ಎರಡು ಏಟು ಹೊಡೆದಿದ್ದರೆ ಹದಿನೈದು ಪಾಯಿಂಟ್ ಆದರೂ ಇಳಿಯುತ್ತಿತ್ತಲ್ಲ?

ಲೆಕ್ಕ ಸರಿಯಾಗಿದೆ. ಒಬ್ಬನೇ ಹಾಕಿ ಒಬ್ಬನೇ ಲಾಭ ಪಡೆಯಲು ಹೊರಟರೆ ಹೆಚ್ಚಿನ ಪಟ್ಟುಗಳು ನಷ್ಟದ ಬಾಬತ್ತೇ. ಇದನ್ನು ಚೆನ್ನಾಗಿ ಅರಿತವರು ನಮ್ಮ ಹಂಪಿಯ ಮಂಟಪಗಳಲ್ಲಿ ಕೂತು ಹೊತ್ತು ಕಳೆದವರು. ಅಲ್ಲಿನ ಕಲ್ಲುಹಾಸಿನ ಮೇಲೆ ಉಳಿಯಿಂದ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಅವುಗಳಲ್ಲಿ ಆಡು-ಹುಲಿ ಆಟದ ಮನೆಯೂ ಇದೆ. ಹೆಚ್ಚು ರೂಢಿಯಲ್ಲಿರುವ ಬಗೆಯಲ್ಲಿ 23 ಬಿಂದು, 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಕುರಿಗೆ ಹುಲಿಯನ್ನು ಕೊಲ್ಲುವ ಅಧಿಕಾರವೇ ಇಲ್ಲ. ಆದರೂ ಕುರಿಗಳ ಕಡೆಯವನು ಗೆಲ್ಲುತ್ತಾನೆ: ಒಂದು ಕುರಿ ದಾರಿ ಮುಚ್ಚುತ್ತದೆ, ಇನ್ನೊಂದು ಅದರ ಬೆನ್ನಿಗೆ ನಿಲ್ಲುತ್ತದೆ, ಕೊನೆಗೆ ಹುಲಿಗೆ ಕಾಲಿಡಲು ಜಾಗ ಉಳಿಯುವುದಿಲ್ಲ. ಪಟ್ಟು ಹಾಕುವ ಫೈಟರ್ ಆಡಬೇಕಾದದ್ದು ಕುರಿಯ ಆಟ. ಅವನ ಪಟ್ಟಿನ ಬೆಲೆ ಅವನ ದಾಳದಲ್ಲಿಲ್ಲ, ಅವನ ನಂತರ ಸರದಿ ಇರುವವರ ಕೈಯಲ್ಲಿದೆ.

ಸರದಿ ನೋಡಿ ಕೆಡವಿ

ಸುತ್ತಿನ ಕ್ರಮ ಹೀಗಿದೆ ಅಂದುಕೊಳ್ಳಿ: ಫೈಟರ್, ಶತ್ರು ನಾಯಕ, ನಿಮ್ಮ ಕಡೆಯ ಕಳ್ಳ, ಬಿಲ್ಲುಗಾರ. ನೀವು ನಾಯಕನನ್ನು ಕೆಡವಿದಿರಿ. ಮರುಕ್ಷಣ ಅವನದೇ ಸರದಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ ನಿಯಮದಲ್ಲಿ ಅರ್ಧ ನಡಿಗೆ ಖರ್ಚು ಮಾಡಿ ಎದ್ದೇಬಿಟ್ಟ. ಕಳ್ಳನ ಸರದಿ ಬರುವಾಗ ನಾಯಕ ನೆಟ್ಟಗೆ ನಿಂತಿದ್ದಾನೆ. ಪಟ್ಟು ಫಲಿಸಿತು, ಫಲ ಯಾರಿಗೂ ಸಿಗಲಿಲ್ಲ.

ಈಗ ಕ್ರಮ ಬೇರೆ: ಫೈಟರ್, ಕಳ್ಳ, ನಾಯಕ. ಅದೇ ಪಟ್ಟು, ಅದೇ ದಾಳ. ಬಿದ್ದವನ ಪಕ್ಕಕ್ಕೆ ಬಂದ ಕಳ್ಳನಿಗೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ತೆಗೆದುಕೊಳ್ಳುವ ಅನುಕೂಲ ಸಿಗುತ್ತದೆ. 11 ಅಥವಾ ಮೇಲೆ ಬಿದ್ದರೆ ತಾಗುವ ಏಟು 100ಕ್ಕೆ 50 ಸಲ ತಾಗುತ್ತಿದ್ದದ್ದು ಈಗ 75 ಸಲ ತಾಗುತ್ತದೆ. ಜೊತೆಗೆ ಕಳ್ಳನ ಗುಪ್ತ ಇರಿತದ ಹೆಚ್ಚುವರಿ ದಾಳಗಳೂ ಈ ಅನುಕೂಲದಿಂದಲೇ ತೆರೆದುಕೊಳ್ಳುತ್ತವೆ. ಹಾಗಾಗಿ ಮೊದಲ ಅಭ್ಯಾಸ: ಪಟ್ಟು ಹಾಕುವ ಮೊದಲು ಸರದಿಯ ಪಟ್ಟಿ ಕೇಳಿ. ನಿಮಗೂ ಆ ಶತ್ರುವಿಗೂ ನಡುವೆ ನಮ್ಮವರು ಎಷ್ಟು ಜನ? ಯಾರೂ ಇಲ್ಲದಿದ್ದರೆ ಸುಮ್ಮನೆ ಹೊಡೆಯಿರಿ, ಅದರಲ್ಲಿ ಅವಮಾನವೇನಿಲ್ಲ. ಇಲ್ಲವೇ ಆ ಶತ್ರುವನ್ನು ಬಿಟ್ಟು, ಕೊನೆಯ ಸರದಿ ಇರುವ ಇನ್ನೊಬ್ಬನನ್ನು ಹುಡುಕಿ. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನಲ್ಲಿ ನಿಮ್ಮ ಸರದಿಯನ್ನೇ ತಡಮಾಡಿ ಕ್ರಮದಲ್ಲಿ ಶತ್ರುವಿನ ಹಿಂದೆ ಹೋಗಿ ನಿಲ್ಲುವ ಸೌಲಭ್ಯವಿದೆ; ಹೊಸ ಆಟಗಾರರು ಅದನ್ನು ಬಳಸುವುದು ಅಪರೂಪ.

ಎರಡನೆಯ ಪ್ರಶ್ನೆ, ನಂತರ ಬರುವವರ ಆಯುಧ ಯಾವುದು? ನೆಲಕ್ಕೆ ಬಿದ್ದವನ ಮೇಲೆ ಪಕ್ಕದಿಂದ ಹೊಡೆಯುವುದು ಸುಲಭ, ದೂರದಿಂದ ಬಾಣ ಬಿಡುವುದು ಕಷ್ಟ. ನಿಮ್ಮ ತಂಡದಲ್ಲಿ ಇಬ್ಬರು ಬಿಲ್ಲುಗಾರರಿದ್ದು ನೀವು ಎಲ್ಲರನ್ನೂ ಕೆಡವುತ್ತಾ ಹೋದರೆ ಶತ್ರುವಿಗೆ ಉಪಕಾರ ಮಾಡಿದ ಹಾಗೆ. ಅಂಥ ತಂಡದಲ್ಲಿ ಹಿಡಿದು ನಿಲ್ಲಿಸುವ ಪಟ್ಟೇ ಮೇಲು: ಶತ್ರು ನೆಟ್ಟಗೆ ನಿಂತಿರುತ್ತಾನೆ, ಆದರೆ ಬಿಲ್ಲುಗಾರನತ್ತ ಓಡಲಾರ.

ಹಿಡಿದು ನಿಂತವರ ನಡುವೆ ಬಾಣ ಬಿಡುವ ಕಷ್ಟ ಏನೆಂಬುದಕ್ಕೆ ನಮ್ಮ ಊರಿನದೇ ಕಥೆ ಇದೆ. ಹಂಪಿಯ ಪಕ್ಕದ ಕಮಲಾಪುರದಿಂದ ಹೊಳೆಯಾಚೆ ಆನೆಗೊಂದಿ, ಕಿಷ್ಕಿಂಧೆ ಎಂದು ಜನ ನಂಬಿರುವ ಸೀಮೆ. ಅಲ್ಲಿನ ಚಿಂತಾಮಣಿಯಿಂದಲೇ ರಾಮ ವಾಲಿಗೆ ಗುರಿಯಿಟ್ಟ ಎನ್ನುತ್ತಾರೆ. ಮೊದಲ ಸಲ ಸುಗ್ರೀವ ಅಣ್ಣನೊಂದಿಗೆ ಸೆಣಸಿದಾಗ ಯಾರು ವಾಲಿ, ಯಾರು ಸುಗ್ರೀವ ಎಂದು ತಿಳಿಯದೆ ರಾಮ ಬಾಣ ಬಿಡಲಿಲ್ಲ; ಸುಗ್ರೀವ ಪೆಟ್ಟು ತಿಂದು ಓಡಿ ಬಂದ. ಎರಡನೆಯ ಸಲ ಕೊರಳಿಗೆ ಗಜಪುಷ್ಪಿ ಬಳ್ಳಿ ಹಾಕಿಕೊಂಡು ಹೋದ. ಯುದ್ಧಕ್ಕೆ ಮೊದಲು ರಾಮ, ಸುಗ್ರೀವ ಇಬ್ಬರೂ ಮಾತಾಡಿಕೊಂಡಿದ್ದರೆ ಮೊದಲ ಸುತ್ತಿನ ಏಟು ತಪ್ಪುತ್ತಿತ್ತು. ಪಾತ್‌ಫೈಂಡರ್‌ನ ಮೊದಲ ಆವೃತ್ತಿಯಲ್ಲಿ ಕೈಕೈ ಮಿಲಾಯಿಸಿರುವವರ ನಡುವೆ ಬಾಣ ಬಿಟ್ಟರೆ 4 ಅಂಕ ಕಡಿತ, ‘ಪ್ರಿಸೈಸ್ ಶಾಟ್’ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಕೌಶಲ) ಇದ್ದರೆ ಕಡಿತವಿಲ್ಲ. ನಿಮ್ಮ ಬಿಲ್ಲುಗಾರನಿಗೆ ಆ ಫೀಟ್ ಇದೆಯೇ ಎಂದು ಕೇಳದೆ ಶತ್ರುವಿನ ಕೊರಳಿಗೆ ಕೈ ಹಾಕಬೇಡಿ.

ಹಿಡಿತ ಮತ್ತು ಕೆಡವು: ಜೋಡಿ ಪಟ್ಟು

ಐದನೆಯ ಆವೃತ್ತಿ ಆಡುವವರು ಕಲಿಯಲೇಬೇಕಾದ ಒಂದು ಜೋಡಿ ಇದೆ. ಹಿಡಿತಕ್ಕೆ ಸಿಕ್ಕವನ ನಡಿಗೆ ಸೊನ್ನೆ. ನೆಲಕ್ಕೆ ಬಿದ್ದವನು ಎದ್ದೇಳಲು ಅರ್ಧ ನಡಿಗೆ ಬೇಕು. ಸೊನ್ನೆಯಲ್ಲಿ ಅರ್ಧ ಎಲ್ಲಿಂದ ತರುತ್ತಾನೆ? ಹಿಡಿತ ಬಿಡಿಸಿಕೊಳ್ಳುವವರೆಗೆ ಬಿದ್ದೇ ಇರಬೇಕು, ಬಿಡಿಸಿಕೊಳ್ಳಲು ತನ್ನ ಸರದಿಯ ಮುಖ್ಯ ಕೆಲಸವನ್ನೇ ಖರ್ಚು ಮಾಡಬೇಕು, ಅಲ್ಲಿಯವರೆಗೆ ಅವನ ಏಟುಗಳೆಲ್ಲ ಎರಡು ದಾಳದಲ್ಲಿ ಕಡಿಮೆಯದ್ದು. ಐದನೆಯ ಹಂತದಿಂದ ಫೈಟರ್‌ಗೆ ಒಂದು ಸರದಿಯಲ್ಲಿ ಎರಡು ಏಟು ಸಿಗುತ್ತವೆ. ಒಂದನ್ನು ಕೆಡವಲು, ಒಂದನ್ನು ಹಿಡಿಯಲು ಬಳಸಬಹುದು. ಹೆಚ್ಚುವರಿ ಕೆಲಸ ಕೊಡುವ ‘ಆಕ್ಷನ್ ಸರ್ಜ್’ ಉಳಿದಿದ್ದರೆ ಅದೇ ಸರದಿಯಲ್ಲಿ ಇನ್ನೆರಡು ಏಟು, ಅವೆರಡೂ ಅನುಕೂಲದೊಂದಿಗೆ.

ಇದು ಎಷ್ಟು ಸಲ ಫಲಿಸುತ್ತದೆ? ಈ ಆವೃತ್ತಿಯ 2014ರ ನಿಯಮದಲ್ಲಿ ಇಬ್ಬರೂ ದಾಳ ಉರುಳಿಸುತ್ತಾರೆ. ನಿಮ್ಮ ಅಥ್ಲೆಟಿಕ್ಸ್ +7, ಎದುರಾಳಿಯದು +4 ಆದರೆ ಗೆಲುವಿನ ಸಂಭವ 100ಕ್ಕೆ ಸುಮಾರು 62. ಎರಡೂ ಒಟ್ಟಿಗೆ ಫಲಿಸುವುದು 100ಕ್ಕೆ 38 ಸಲ ಮಾತ್ರ. 2024ರ ಪುಸ್ತಕದಲ್ಲಿ ಕ್ರಮ ಬದಲಾಗಿದೆ: 8ಕ್ಕೆ ನಿಮ್ಮ ಬಲದ ಅಂಕ ಮತ್ತು ಪ್ರಾವೀಣ್ಯದ ಅಂಕ ಸೇರಿಸಿ ಒಂದು ಗುರಿಸಂಖ್ಯೆ, ಎದುರಾಳಿ ಬಲ ಅಥವಾ ಚುರುಕಿನಿಂದ, ಯಾವುದು ಬೇಕೋ ಅದರಿಂದ, ಆ ಸಂಖ್ಯೆ ಮುಟ್ಟಿ ತಪ್ಪಿಸಿಕೊಳ್ಳಬೇಕು. ಬಲ +4, ಪ್ರಾವೀಣ್ಯ +3 ಇದ್ದರೆ ಗುರಿ 15. +4 ಇರುವ ಎದುರಾಳಿ ಅರ್ಧದಷ್ಟು ಸಲ ಜಾರಿಕೊಳ್ಳುತ್ತಾನೆ. ಅಂದರೆ ಸಿಕ್ಕಸಿಕ್ಕ ಸೈನಿಕನ ಮೇಲೆಲ್ಲ ಜೋಡಿ ಪಟ್ಟು ಹಾಕುತ್ತಾ ಕೂರುವುದು ದಂಡ. ಯಾರು ಬಿದ್ದರೆ ಕಾಳಗದ ಗತಿಯೇ ಬದಲಾಗುತ್ತದೋ ಅವನಿಗೆ ಮೀಸಲಿಡಿ.

ಯಾವುದು ಮೊದಲು? ನಿಯಮ ಎರಡಕ್ಕೂ ಒಪ್ಪುತ್ತದೆ. ಎರಡನೆಯದು ತಪ್ಪಿದರೂ ಮೊದಲನೆಯದೊಂದೇ ಉಪಯೋಗಕ್ಕೆ ಬರುವಂತೆ ಆರಿಸಿ. ಪಕ್ಕದಲ್ಲಿ ಕತ್ತಿಯವರು ಕಾಯುತ್ತಿದ್ದರೆ ಮೊದಲು ಕೆಡವಿ. ಅವನು ಎಲ್ಲಿಗೂ ಹೋಗದಿರುವುದೇ ಮುಖ್ಯವಾದರೆ ಮೊದಲು ಹಿಡಿಯಿರಿ.

ಸಂಭವ ಹೆಚ್ಚಿಸಿಕೊಳ್ಳುವ ದಾರಿಗಳು ಇರುವುದು ನಿಮ್ಮ ಪಾತ್ರದ ಹಾಳೆಯಲ್ಲಲ್ಲ, ಪಕ್ಕದವರ ಹಾಳೆಯಲ್ಲಿ. ಮಾಂತ್ರಿಕನ ‘ಎನ್ಲಾರ್ಜ್’ ನಿಮ್ಮ ಗಾತ್ರವನ್ನೂ ಬಲದ ದಾಳವನ್ನೂ ಏರಿಸುತ್ತದೆ. ನಿಮಗಿಂತ ಒಂದು ಅಳತೆ ಮಾತ್ರ ದೊಡ್ಡವರನ್ನು ಹಿಡಿಯಬಹುದು ಎಂಬ ಮಿತಿ ಇರುವುದರಿಂದ ಗಾತ್ರ ಏರಿದರೆ ಆನೆಯಂಥದ್ದೂ ಕೈಗೆಟಕುತ್ತದೆ. 2024ರ ನಿಯಮದಲ್ಲಿ ಆಡುವವರು ಪೂಜಾರಿಯ ‘ಬೇನ್’ ಕೇಳಲಿ, ಅದು ಎದುರಾಳಿ ತಪ್ಪಿಸಿಕೊಳ್ಳುವ ದಾಳದಿಂದಲೇ ನಾಲ್ಕು ಮುಖದ ದಾಳವೊಂದನ್ನು ಕಳೆಯುತ್ತದೆ. ಫೈಟರ್ ಆಡುವವರಿಗೆ ಬಾಯಿ ಬಿಟ್ಟು ಕೇಳುವ ಅಭ್ಯಾಸ ಕಡಿಮೆ. ‘ಈ ಸುತ್ತು ನನಗೆ ಮಂತ್ರ ಹಾಕು, ಮುಂದಿನ ಸುತ್ತು ಅವನು ನಿನ್ನವನು’ ಎಂದು ಒಪ್ಪಂದ ಮಾಡಿಕೊಳ್ಳಿ.

ಕೈ ಖಾಲಿ ಇಲ್ಲದೆ ಹಿಡಿತವಿಲ್ಲ ಎಂಬುದನ್ನೂ ಮರೆಯಬೇಡಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದವನು ಅಪ್ಪಿಕೊಳ್ಳುತ್ತೇನೆ ಎಂದರೆ ಗೇಮ್ ಮಾಸ್ಟರ್ ನಗುತ್ತಾರೆ. ಪಟ್ಟಿನ ಫೈಟರ್ ಮಾಡಬೇಕೆಂದಿರುವವರು ಪಾತ್ರ ಬರೆಯುವ ದಿನವೇ ಗುರಾಣಿಯ ಆಸೆ ಬಿಡುವುದು ಒಳ್ಳೆಯದು. ಬಿಡಲಾರದವರಿಗೆ 2024ರ ಪುಸ್ತಕ ಒಂದು ದಾರಿ ಕೊಟ್ಟಿದೆ: ಕೆಲವು ಆಯುಧಗಳಲ್ಲೇ ಪಟ್ಟು ಅಡಗಿದೆ. ಯುದ್ಧಕೊಡಲಿ ಮತ್ತು ತ್ರಿಶೂಲದ ಏಟು ತಾಗಿದರೆ ಎದುರಾಳಿ ಬೀಳಬಹುದು, ಯುದ್ಧಸುತ್ತಿಗೆ ಅವನನ್ನು 10 ಅಡಿ ಹಿಂದಕ್ಕೆ ನೂಕುತ್ತದೆ. ಏಟಿನ ನಷ್ಟವಿಲ್ಲದೆ ಪಟ್ಟು ಸಿಗುವುದರಿಂದ ಹಳೆಯ ದೂರಿನ ಅರ್ಧ ಇಲ್ಲೇ ಕರಗಿತು.

‘ಬ್ಯಾಟಲ್ ಮಾಸ್ಟರ್’ ಎಂಬ ಉಪವರ್ಗ ಆರಿಸಿದ ಫೈಟರ್‌ಗೂ ಹೀಗೆಯೇ. ಮೂರನೆಯ ಹಂತದಲ್ಲಿ 3 ಪಟ್ಟು, ಎಂಟು ಮುಖದ 4 ಹೆಚ್ಚುವರಿ ದಾಳ, ಸ್ವಲ್ಪ ವಿಶ್ರಾಂತಿ ತೆಗೆದುಕೊಂಡರೆ ದಾಳಗಳೆಲ್ಲ ಮರಳುತ್ತವೆ. ಇಲ್ಲಿ ಹೆಚ್ಚಿನ ಪಟ್ಟುಗಳನ್ನು ಏಟು ತಾಗಿದ ಮೇಲೆ ಘೋಷಿಸಿದರೆ ಸಾಕು. ಇಪ್ಪತ್ತಕ್ಕೆ ಇಪ್ಪತ್ತು ಬಿದ್ದ ಏಟಿಗೆ ಕೆಡವುವ ಪಟ್ಟು ಸೇರಿಸಿದರೆ ಆ ದಾಳವೂ ಇಮ್ಮಡಿಯಾಗುತ್ತದೆ. ಕಂಜೂಸಿತನ ಬೇಡ, ದಿನದ ಕೊನೆಗೆ ಉಳಿಸಿಟ್ಟ ದಾಳಕ್ಕೆ ಬಡ್ಡಿ ಬರುವುದಿಲ್ಲ.

ಪಾತ್‌ಫೈಂಡರ್ ಆಡುವವರ ಗೋಳು

2009ರ ಪಾತ್‌ಫೈಂಡರ್ ಪಟ್ಟುಗಳಿಗೆ ಅಚ್ಚುಕಟ್ಟಾದ ಲೆಕ್ಕ ತಂದಿತು: ಹಾಕುವವನಿಗೊಂದು ಅಂಕ, ತಡೆಯುವವನಿಗೊಂದು ಅಂಕ. ಆದರೆ ಎರಡು ಮುಳ್ಳುಗಳನ್ನೂ ಇಟ್ಟಿತು. ಆಯಾ ಪಟ್ಟಿನ ಸುಧಾರಿತ ಫೀಟ್ ಇಲ್ಲದೆ ಕೈ ಹಾಕಿದರೆ ಎದುರಾಳಿಗೆ ಪುಕ್ಕಟೆ ಏಟು ಸಿಗುತ್ತದೆ, ಆ ಏಟು ತಾಗಿದರೆ ಅದರ ಪೆಟ್ಟಿನಷ್ಟೇ ಅಂಕ ನಿಮ್ಮ ಪಟ್ಟಿನಿಂದ ಕಡಿತ. ಜೊತೆಗೆ ದೊಡ್ಡ ಪ್ರಾಣಿಗಳ ತಡೆಯುವ ಅಂಕ ಹಂತ ಏರಿದಂತೆ ಬೆಟ್ಟದಷ್ಟಾಗುತ್ತದೆ. ಕೆಡವುವಾಗ ಎರಡಕ್ಕಿಂತ ಹೆಚ್ಚಿನ ಪ್ರತಿ ಕಾಲಿಗೂ 2 ಅಂಕ. ನಾಲ್ಕು ಕಾಲಿನ ಕರಡಿಗೆ +4. ಹತ್ತು ಅಥವಾ ಹೆಚ್ಚು ಅಂಕದಿಂದ ಸೋತರೆ ಬೀಳುವವರು ನೀವೇ.

ಕಮಲಾಪುರದ ಸುತ್ತ ಕಥೆ ಹೆಣೆಯುವ ಗೇಮ್ ಮಾಸ್ಟರ್ ಕರಡಿ ತರದೆ ಬಿಡುವುದಿಲ್ಲ. 1994ರಿಂದ ದರೋಜಿ ಕರಡಿಧಾಮ ಇರುವುದೇ ಈ ಬಂಡೆಗಳ ನಡುವೆ. ಕರಡಿಯನ್ನು ಕೆಡವಲು ಹೋಗಬೇಡಿ, ಹಿಡಿಯಲಂತೂ ಹೋಗಲೇಬೇಡಿ. ಅಪ್ಪುಗೆ ಅದರ ಕಸುಬು. ಬಂಡೆಯ ಸಂದಿಗೆ ನೂಕಿ, ಹಾದಿ ಬಿಡಿಸಿಕೊಂಡು ಮುಂದೆ ಹೋಗಿ.

ಪುಕ್ಕಟೆ ಏಟನ್ನು ತಪ್ಪಿಸಿಕೊಳ್ಳಲು ಫೀಟ್ ಒಂದೇ ದಾರಿಯಲ್ಲ. ಉದ್ದನೆಯ ಈಟಿಯಿಂದ 10 ಅಡಿ ದೂರದಲ್ಲಿ ನಿಂತು ಕಾಲು ಸೆಳೆದರೆ ಗಿಡ್ಡ ಕತ್ತಿಯವನು ನಿಮ್ಮನ್ನು ಮುಟ್ಟಲಾರ. ಕಾಳಗದ ಮೊದಲ ಕ್ಷಣದಲ್ಲಿ ಇನ್ನೂ ಎಚ್ಚೆತ್ತುಕೊಳ್ಳದವನಿಗೆ ಪುಕ್ಕಟೆ ಏಟಿನ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ತಲೆ ಸುತ್ತಿ ನಿಂತವನ ಮೇಲೆ ಪಟ್ಟಿಗೆ +4. ಇದಕ್ಕಿಂತ ಚಂದದ್ದು ತಂಡದ ತಂತ್ರ: ಕವಚ ಗಟ್ಟಿಯಿರುವ ಗೆಳೆಯ ಬೇಕೆಂದೇ ಶತ್ರುವಿನ ಮುಂದೆ ಹಾದು ಆ ಪುಕ್ಕಟೆ ಏಟನ್ನು ತಾನು ಬರಮಾಡಿಕೊಳ್ಳುತ್ತಾನೆ, ಖಾಲಿಯಾದ ಶತ್ರುವಿನ ಮೇಲೆ ನೀವು ಕೈ ಹಾಕುತ್ತೀರಿ. ಫೀಟ್ ಕೊಳ್ಳುವವರು ಎಲ್ಲ ಪಟ್ಟಿಗೂ ಕೈ ಚಾಚದೆ ಒಂದೇ ಪಟ್ಟಿನ ಸಾಲನ್ನು ಕೊನೆಯವರೆಗೆ ಹಿಡಿಯಲಿ. ಕೆಡವುವ ಪಟ್ಟಿನ ಹಿರಿಯ ಫೀಟ್ ಬಂದ ಮೇಲೆ ಬೀಳುವವನ ಮೇಲೆ ನಿಮಗೂ ಸುತ್ತ ನಿಂತ ಗೆಳೆಯರಿಗೂ ಪುಕ್ಕಟೆ ಏಟು ಸಿಗುತ್ತದೆ. ಕುರಿಗಳು ಒಟ್ಟಾಗಿ ಹುಲಿಯ ಮೇಲೆ ಬೀಳುವ ಘಳಿಗೆ ಅದು.

2019ರ ಎರಡನೆಯ ಆವೃತ್ತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಲ್ಲಿ ಪಟ್ಟುಗಳು ಚೆನ್ನಾಗಿಯೇ ಇವೆ. ಕೆಡವಲು ಎದುರಾಳಿಯ ಚುರುಕು, ಹಿಡಿಯಲು ಅವನ ದೇಹದಾರ್ಢ್ಯ ಅಡ್ಡ ಬರುತ್ತದೆ. ದಡೂತಿಯನ್ನು ಕೆಡವಿ, ನುಣುಚುವವನನ್ನು ಹಿಡಿಯಿರಿ. ಎರಡನೆಯ ಏಟಿಗೆ 5, ಮೂರನೆಯದಕ್ಕೆ 10 ಅಂಕ ಕಡಿತ ಇರುವುದರಿಂದ ಪಟ್ಟನ್ನು ಮೊದಲಿಗೇ ಹಾಕಿ. ಬಿದ್ದವನು ಏಳುವಾಗ ಮೊದಲ ಹಂತದ ಫೈಟರ್‌ಗೂ ಒಂದು ಪ್ರತಿ ಏಟು ಸಿಗುತ್ತದೆ.

ನೆಲವೇ ಅರ್ಧ ಪಟ್ಟು

ಬಯಲಿನಲ್ಲಿ ಒಬ್ಬನನ್ನು ಐದಡಿ ತಳ್ಳಿದರೆ ಅವನು ಐದಡಿ ನಡೆದು ಬರುತ್ತಾನೆ. ಮಹಾನವಮಿ ದಿಬ್ಬದ ಅಂಚಿನಿಂದ ತಳ್ಳಿದರೆ ಕಥೆಯೇ ಬೇರೆ. ಹೊಸಪೇಟೆ, ಕಮಲಾಪುರ, ಸಂಡೂರು, ಕಂಪ್ಲಿಯ ಸೀಮೆ ಪಟ್ಟಿನ ಫೈಟರ್‌ಗೆಂದೇ ಹೇಳಿ ಮಾಡಿಸಿದಂತಿದೆ: ಒಂದರ ಮೇಲೊಂದು ನಿಂತ ಬಂಡೆ, ಮೆಟ್ಟಿಲು ಇಳಿದ ಪುಷ್ಕರಣಿ, ಕೆರೆ ಏರಿ, ಕಾಲುವೆ, ತಿರುವಿನ ಕೋಟೆ ಬಾಗಿಲು.

ಹೊಳೆ ದಾಟುವ ಹರಿಗೋಲನ್ನೇ ತೆಗೆದುಕೊಳ್ಳಿ. ಆಯುಧ ಕಸಿಯುವ ಪಟ್ಟನ್ನು ನಾನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಕೈಯಿಂದ ಜಾರಿದ ಕತ್ತಿ ಕಾಲಬಳಿಯೇ ಬಿದ್ದಿರುತ್ತದೆ, ಅವನು ಬಗ್ಗಿ ಎತ್ತಿಕೊಳ್ಳುತ್ತಾನೆ, ಐದನೆಯ ಆವೃತ್ತಿಯಲ್ಲಿ ಅದಕ್ಕೆ ಖರ್ಚೂ ಇಲ್ಲ. ಕತ್ತಿಯನ್ನು ಯಾರಾದರೂ ಕೂಡಲೇ ಎತ್ತಿಕೊಂಡು ಓಡುವವರಿದ್ದರೆ ಮಾತ್ರ ಆ ಪಟ್ಟು ಸಾರ್ಥಕ. ಆದರೆ ತುಂಗಭದ್ರೆಯ ನಡುನೀರಿನಲ್ಲಿ, ಗಿರಗಿರ ತಿರುಗುವ ಹರಿಗೋಲಿನಲ್ಲಿ? ಜಾರಿದ ಕತ್ತಿ ಹೋಯಿತೆಂದೇ ಲೆಕ್ಕ. ಕಬ್ಬಿಣದ ಕವಚ ತೊಟ್ಟವನನ್ನು ತಳ್ಳುವುದು ಇನ್ನೂ ಸುಲಭ. ಹರಿಗೋಲು ಮಗುಚಿದರೆ ಹೊಣೆ ನಿಮ್ಮದು.

ಸಂಡೂರಿನ ಭೀಮಗಂಡಿ, ಓಬಳಗಂಡಿಗಳಂಥ ಕಣಿವೆಬಾಯಿಯಲ್ಲಿ ತಳ್ಳುವುದಕ್ಕಿಂತ ಹಿಡಿಯುವುದು ಲಾಭ. ಮುಂದಿನವನು ಹಿಡಿತಕ್ಕೆ ಸಿಕ್ಕರೆ ಹಿಂದಿನವನು ಅವನನ್ನು ದಾಟಬೇಕು, ದಾರಿ ಕಿರಿದು, ಇಡೀ ದಂಡು ಒಬ್ಬನ ಹಿಂದೆ ನಿಲ್ಲುತ್ತದೆ.

ಇನ್ನು ಒಂದು ಪೂರ್ಣ ಸನ್ನಿವೇಶ. 1565ರ ಜನವರಿ 23ರ ಯುದ್ಧದಲ್ಲಿ ವಿಜಯನಗರದ ಸೈನ್ಯ ಸೋತಿದೆ. ತಿರುಮಲರಾಯ ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಯತ್ತ ಹೊರಟಿದ್ದಾನೆ, ಊರು ಕಾಯುವವರಿಲ್ಲ. ಇಷ್ಟು ಇತಿಹಾಸ. ಆಟಕ್ಕೆ ಸೇರಿಸಿದ್ದು: ಕಮಲಾಪುರದಿಂದ ಕಂಪ್ಲಿ ಕಡೆಗೆ ಹೋಗುವ ಹಾದಿಯ ಬಳಿಯ ಭೀಮನ ಬಾಗಿಲಿನಲ್ಲಿ ನಿಮ್ಮ ತಂಡದ ನಾಲ್ವರು ನಿಂತಿದ್ದಾರೆ, ಒಳಗಿನಿಂದ ಬಂದ ಸುಲಿಗೆಕೋರರ ಗುಂಪೊಂದು, ಆಚೆ ಹೊರಟ ಜನರ ಬಂಡಿಗಳ ಬೆನ್ನು ಹತ್ತಿದೆ. ಬಂಡಿಗಳು ಮರೆಯಾಗಲು ಆರು ಸುತ್ತು ಬೇಕು.

ಭೀಮನ ಬಾಗಿಲು ನೇರ ದಾರಿಯಲ್ಲ. ಗೋಡೆಗೆ ಎದುರು ಗೋಡೆ ಕಟ್ಟಿ, ಬಂದವನು ಮತ್ತೆ ಮತ್ತೆ ತಿರುಗುವಂತೆ ಮಾಡಿದ ಕೋಟೆಬಾಗಿಲು. ಒಳಗೆ ಕೀಚಕನನ್ನು ಕೊಲ್ಲುವ ಭೀಮನ ಕೆತ್ತನೆಯೂ ಇದೆ. ಅಂಥ ತಿರುವಿನಲ್ಲಿ ಓಟದ ರಭಸ ಉಳಿಯುವುದಿಲ್ಲ, ಒಮ್ಮೆಗೆ ಒಬ್ಬಿಬ್ಬರಿಗಿಂತ ಹೆಚ್ಚು ಜನ ಎದುರಾಗಲಾರರು. ಮೊದಲ ಸುತ್ತಿನಲ್ಲಿ ಫೈಟರ್ ತಿರುವಿನ ಮೂಲೆಯಲ್ಲಿ ನಿಲ್ಲುತ್ತಾಳೆ. ಗುರಾಣಿ ಹಿಡಿದ ನಾಯಕ ಬಂದದ್ದೇ ಹಿಡಿತ ಹಾಕುತ್ತಾಳೆ, ಫಲಿಸುತ್ತದೆ. ಕೆಡವಲು ಹೋಗುತ್ತಾಳೆ, ತಪ್ಪುತ್ತದೆ. ಚಿಂತೆಯಿಲ್ಲ, ಹಿಡಿತವೊಂದೇ ದಾರಿ ಮುಚ್ಚಿದೆ. ಹಿಂದಿರುವವರು ಅವನನ್ನು ದಾಟಲಾರದೆ ಬಯ್ಯುತ್ತಾರೆ. ಬಿಲ್ಲುಗಾರ ಗೋಡೆಯ ಮೇಲಿಂದ ಆ ಹಿಂದಿನವರ ಮೇಲೆ ಬಾಣ ಬಿಡುತ್ತಾನೆ. ನಾಯಕ ತನ್ನ ಸರದಿಯನ್ನು ಬಿಡಿಸಿಕೊಳ್ಳಲು ಖರ್ಚು ಮಾಡುತ್ತಾನೆ, ಆಗಲಿಲ್ಲ. ಎರಡನೆಯ ಸುತ್ತಿನಲ್ಲಿ ಕೆಡವುವ ಪಟ್ಟು ಕೂಡಿಬರುತ್ತದೆ, ಕಳ್ಳನ ಸರದಿ ಮುಂದಿನದೇ. ಮೂರನೆಯದರಲ್ಲಿ ಯಾರೂ ಸತ್ತಿಲ್ಲ, ಆದರೆ ಮೂರು ಸುತ್ತು ಮುಗಿದಿವೆ.

ಗಮನಿಸಿ, ಇಲ್ಲಿ ಫೈಟರ್ ಮಾಡಿದ ಪೆಟ್ಟಿನ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಆದರೂ ಆ ದಿನದ ಕಾಳಗ ಅವಳದೇ. ಇದಕ್ಕೆ ಕಾರಣ ಗೇಮ್ ಮಾಸ್ಟರ್ ಇಟ್ಟ ಗುರಿ: ‘ಎಲ್ಲರನ್ನೂ ಕೊಲ್ಲಿ’ ಎಂದಿರಲಿಲ್ಲ, ‘ಆರು ಸುತ್ತು ತಡೆಯಿರಿ’ ಎಂದಿತ್ತು. ಗೆಲುವೆಂದರೆ ಹೆಣ ಎಣಿಸುವುದು ಎಂದಿರುವ ಆಟದಲ್ಲಿ ಎಂಥ ಪಟ್ಟೂ ಸೋಲುತ್ತದೆ. ಹಾಗಾಗಿ ಗೇಮ್ ಮಾಸ್ಟರ್ ಆಗುವವರಿಗೆ ನನ್ನ ಬೇಡಿಕೆ ಹೊಸ ನಿಯಮ ಬರೆಯಿರಿ ಎಂದಲ್ಲ, ಗುರಿ ಬದಲಿಸಿ ಎಂದು. ಒಬ್ಬನನ್ನು ಜೀವಂತ ಹಿಡಿದು ತನ್ನಿ. ಮಂತ್ರ ಮುಗಿಯುವವರೆಗೆ ಪೂಜಾರಿಯ ಬಳಿ ಯಾರೂ ಸುಳಿಯದಂತೆ ನೋಡಿಕೊಳ್ಳಿ. ಗಂಟೆ ಬಾರಿಸುವವನನ್ನು ಗಂಟೆಯಿಂದ ದೂರವಿಡಿ. ಎರಡನೆಯದಾಗಿ, ಕಾಲು, ಕೈ, ಆಯುಧ ಇರುವ ಶತ್ರುಗಳನ್ನು ಕೊಡಿ. ವಾರವಾರವೂ ದೆವ್ವ, ಹಾವು, ಹಾರುವ ಪ್ರಾಣಿಗಳನ್ನೇ ಬಿಟ್ಟರೆ ಪಟ್ಟಿನ ಫೈಟರ್ ಏನು ಹಿಡಿಯಬೇಕು? ಮತ್ತು ಮಣ್ಣಿಗೆ ಬಿದ್ದು, ಕೊರಳ ಮೇಲೆ ಮೊಣಕಾಲು ಬಿದ್ದ ಮನುಷ್ಯ ಶರಣು ಎನ್ನುವುದು ಸಹಜ. ಕೊನೆಯ ಪಾಯಿಂಟ್ ಮುಗಿಯುವವರೆಗೆ ಎಲ್ಲರೂ ಕಾದಾಡುವುದು ಯಾವ ಊರಿನ ರೂಢಿ?

ಪಾತ್ರಕ್ಕೆ ಮೈ ತುಂಬಲು

ಅಂಕಗಳ ಆಚೆಗೆ, ಪಟ್ಟಿನ ಫೈಟರ್‌ಗೆ ಹಿನ್ನೆಲೆ ಕಟ್ಟಲು ಈ ನೆಲದಷ್ಟು ಸಾಮಗ್ರಿ ಬೇರೆಲ್ಲಿ ಸಿಗಬೇಕು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಮುಂಜಾವನ್ನು ಬಣ್ಣಿಸಿದ್ದಾನೆ: ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿ, ಮಣ್ಣಿನ ಭಾರಗಳನ್ನೂ ಕತ್ತಿಯನ್ನೂ ತಿರುವಿ ಎಣ್ಣೆಯೆಲ್ಲ ಬೆವರಾಗುವವರೆಗೆ ಸಾಧನೆ, ಆಮೇಲೆ ತನ್ನ ಮಲ್ಲನೊಬ್ಬನೊಂದಿಗೆ ಕುಸ್ತಿ, ಕೊನೆಗೆ ಕುದುರೆ ಸವಾರಿ. ದೊರೆಯೇ ಪಟ್ಟು ಹಾಕುತ್ತಿದ್ದ ಊರು ಇದು. ಮಹಾನವಮಿಯ ಕಾಳಗಗಳಲ್ಲಿ ಹಲ್ಲು ಮುರಿಯುವ, ಮುಖ ವಿಕಾರವಾಗುವ ಪೆಟ್ಟುಗಳನ್ನೂ ಆತ ಕಂಡ. ಜೋಡಿಗಳನ್ನು ಸರಿಸಮ ನಿಲ್ಲಿಸಿ ಗೆದ್ದವರಿಗೆ ಮರ್ಯಾದೆ ಕೊಡಿಸುವ ತೀರ್ಪುಗಾರರನ್ನೂ ಕಂಡ. ಕೆಲವು ವರ್ಷಗಳ ನಂತರ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧ ಹಿಡಿದು ಸೆಣಸುವ ಮಲ್ಲರ ಬಗ್ಗೆ ಬರೆದಿದ್ದಾನೆ. ಮೈಸೂರು ದಸರೆಯ ವಜ್ರಮುಷ್ಟಿ ಜಟ್ಟಿಗಳನ್ನು ನೋಡಿದವರಿಗೆ ಅದರ ಚಿತ್ರ ಕೂಡಲೇ ಕಟ್ಟುತ್ತದೆ. ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಈ ಪ್ರವಾಸಿಗರ ಬರಹ ಹೇಳುತ್ತದೆ. ‘ಹೆಣ್ಣು ಮಲ್ಲ ಎಲ್ಲಿದ್ದಳು’ ಎಂದು ಮೇಜಿನಲ್ಲಿ ಯಾರಾದರೂ ಮೂಗು ಮುರಿದರೆ ಇದನ್ನು ತೋರಿಸಿ.

ಜಾತ್ರೆಯ ಕುಸ್ತಿ ಕಣದಲ್ಲಿ ಅರ್ಧ ದಿನ ಕೂತರೆ ಇನ್ನೊಂದು ಲಾಭವಿದೆ: ಬಣ್ಣಿಸುವ ಮಾತು ಸಿಗುತ್ತದೆ. ಪೈಲ್ವಾನ ಮೊದಲಿಗೇ ಎತ್ತಲು ಹೋಗುವುದಿಲ್ಲ. ಕುತ್ತಿಗೆಗೆ ಕೈ ಹಾಕಿ ಎಳೆಯುತ್ತಾನೆ, ಬಿಡುತ್ತಾನೆ, ಎದುರಾಳಿಯ ಭಾರ ಯಾವ ಕಾಲ ಮೇಲೆ ಕೂತಿದೆ ಎಂದು ನೋಡುತ್ತಾನೆ. ಮುಂದಕ್ಕೆ ಬಾಗಿದ ಕ್ಷಣದಲ್ಲಿ ಧೋಬಿ ಪಛಾಡ್ ಹಾಕಿ ಬೆನ್ನು ಮಣ್ಣಿಗೆ ತಾಗಿಸುತ್ತಾನೆ. ‘ಅಥ್ಲೆಟಿಕ್ಸ್ ಉರುಳಿಸ್ತೀನಿ’ ಎನ್ನುವ ಬದಲು ‘ಅವನು ಕತ್ತಿ ಎತ್ತಿದಾಗ ಒಳಗೆ ನುಗ್ಗಿ, ತೋಳು ಹೆಗಲಿಗೆ ಏರಿಸಿ ಎಸೀತೀನಿ’ ಎಂದರೆ ಚಹಾಕ್ಕೆ ಎದ್ದವರೂ ಕೂರುತ್ತಾರೆ. ಗೇಮ್ ಮಾಸ್ಟರ್ ಮನಸ್ಸು ಮಾಡಿದರೆ ಅನುಕೂಲವೂ ಸಿಕ್ಕೀತು.

ಸೀಮೆಯ ವೀರನೇ ಬೇಕೆನ್ನುವವರಿಗೆ ಕಂಪಿಲಿಯ ಕುಮಾರರಾಮನಿದ್ದಾನೆ. 1327ರಲ್ಲಿ ದೆಹಲಿಯ ದಂಡಿನ ಎದುರು ಕಂಪಿಲಿ ರಾಜ್ಯ ಬಿದ್ದ ಕಾಲವನ್ನೇ ಇಡೀ ಆಟದ ಸರಣಿಯಾಗಿ ಮಾಡಿಕೊಳ್ಳಬಹುದು, ಕುಮ್ಮಟದುರ್ಗದಿಂದ ಶುರುಮಾಡಿ.

ನಕ್ಷೆಗಾಗಿ ಒದ್ದಾಡಬೇಕಿಲ್ಲ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದ ನಡುವೆ ಹಂಪಿಯ ಇಡೀ ಭೂಪ್ರದೇಶದ ದೊಡ್ಡ ಮಾದರಿ ಇದೆ: ಹೊಳೆ, ಗುಡ್ಡ, ಕೋಟೆಗೋಡೆ, ಗುಡಿಗಳೆಲ್ಲ ಮೇಲಿಂದ ನೋಡುವಂತೆ. ಸುತ್ತ ನಡೆದು, ಯಾವ ಬಾಗಿಲಿಗೆ ಯಾವ ಗುಡ್ಡ ಮರೆ, ಎಲ್ಲಿ ದಾರಿ ಕಿರಿದಾಗುತ್ತದೆ ಎಂದು ಚೌಕುಳಿ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಒಂದು ಚೌಕಕ್ಕೆ ಐದಡಿ ಹಿಡಿದರೆ ಊರು ಹಾಳೆಯಲ್ಲಿ ಹಿಡಿಸುವುದಿಲ್ಲ. ಬಾಗಿಲೊಂದಕ್ಕೆ ಒಂದು ಹಾಳೆ ಸಾಕು. ಆಮೇಲೆ ಅದೇ ಬಾಗಿಲಿಗೆ ಹೋಗಿ ಹೆಜ್ಜೆಯಲ್ಲಿ ಅಳೆದು ತಿದ್ದಿಕೊಳ್ಳಬಹುದು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ.